ಬೆಳಗಿನ ಪಾಳಿಗೆ ನಾನು ಬರುವುದಿಲ್ಲ

ಗುರುವಾರ, ಮಧ್ಯಾಹ್ನ ಎರಡೂವರೆ

ನನ್ನ ಹಟಮಾರಿ ಅಮ್ಮನಿಗೆ,

ಇವತ್ತು ಬೆಳಿಗ್ಗೆ ನೀನು ಡಯಾಲಿಸಿಸ್‌ಗೆ ಬರಲಿಲ್ಲವೆಂದು ತಿಳಿಯಿತು. ಕರೆತರಲು ಹೋದ ಡ್ರೈವರಣ್ಣ ಹತ್ತು ನಿಮಿಷ ಬಾಗಿಲು ತಟ್ಟಿದನಂತೆ. ನೀನು ಒಳಗಿನಿಂದಲೇ, "ನನ್ನ ಮಗಳು ಸೂಜಿ ಚುಚ್ಚೋದಾದ್ರೆ ಬರ್ತೀನಿ, ಇಲ್ಲಾಂದ್ರೆ ಇಲ್ಲ" ಅಂದೆಯಂತೆ. ಫೋನ್ ಮಾಡಿದರೆ ನನ್ನ ಮಾತು ಮುಗಿಯುವ ಮೊದಲೇ ಇಟ್ಟುಬಿಡುತ್ತೀಯ. ಅದಕ್ಕೇ ಈ ಪತ್ರ. ಅದೇ ಡ್ರೈವರಣ್ಣ ಬಾಗಿಲ ಸಂದಿಯಿಂದ ಒಳಗೆ ತಳ್ಳುತ್ತಾನೆ. ಪೂರ್ತಿ ಓದು.

ಮೊದಲು ಜಗಳ ಮುಗಿಸುತ್ತೇನೆ. ಮಂಗಳವಾರದಿಂದ ನಿನ್ನ ಮೈಯಲ್ಲಿ ನೀರು ಸೇರುತ್ತಿದೆ. ಶನಿವಾರವೂ ತಪ್ಪಿಸಿದರೆ ಅದು ಶ್ವಾಸಕೋಶಕ್ಕೆ ತುಂಬಿಕೊಳ್ಳುತ್ತದೆ. ಆಮೇಲೆ ಯಾರು ಚುಚ್ಚಿದರೂ ಅಷ್ಟೇ. ಈ ತಿಂಗಳು ಬಂದ ಹೊಸ ಟೆಕ್ನಿಷಿಯನ್ ಎರಡೆರಡು ಸಲ ಚುಚ್ಚುತ್ತಾಳೆ, ನಿಜ. ಮೊದಲ ವರ್ಷ ನಾನು ಎಷ್ಟು ಸಲ ಚುಚ್ಚುತ್ತಿದ್ದೆ, ಮರೆತೆಯಾ? ಮಗಳೆಂದು ನೀನು ಹಲ್ಲು ಕಚ್ಚಿಕೊಂಡು ಕೂರುತ್ತಿದ್ದೆ. ನಿನ್ನ ರಕ್ತನಾಳ ಮೊಣಕೈಗಿಂತ ಎರಡು ಬೆರಳು ಕೆಳಗೆ ಒಳಕ್ಕೆ ಹೊರಳುತ್ತದೆ ಎಂದು ಅವಳಿಗೆ ಚೀಟಿ ಬರೆದು ಕಳಿಸಿದ್ದೇನೆ.

ಸೋಂಕು ತಗುಲಿದವರ ಸಂಜೆ ಪಾಳಿಗೆ ನನ್ನನ್ನು ಬಲವಂತವಾಗಿ ಹಾಕಿದ್ದಾರೆಂದು ಡಾಕ್ಟರಮ್ಮನಿಗೆ ಅರ್ಜಿ ಬರೆದಿದ್ದೀಯ. ಮಗಳನ್ನು ಬೆಳಗಿನ ಪಾಳಿಗೆ ವಾಪಸು ಕೊಡಿ ಅಂತೆ, ಪಕ್ಕದ ಮನೆಯವರಿಗೆ ಕೊಟ್ಟ ಪಾತ್ರೆ ಕೇಳುವ ಹಾಗೆ! ಅವರು ಅದನ್ನು ಓದಿ ನನಗೇ ಕಳಿಸಿದರು. ಅಮ್ಮಾ, ನನ್ನನ್ನು ಯಾರೂ ಹಾಕಲಿಲ್ಲ. ನಾನೇ ಕೇಳಿ ಪಡೆದೆ. ಈ ಪಾಳಿಯವರು ಉಳಿದ ರೋಗಿಗಳನ್ನು ಮುಟ್ಟುವಂತಿಲ್ಲ, ಮನೆಯಲ್ಲಿ ನಿನ್ನಂಥವರಿದ್ದರೆ ಮನೆಗೂ ಹೋಗುವಂತಿಲ್ಲ. ಅದು ಗೊತ್ತಿದ್ದೇ ಕೇಳಿದೆ. ಎಂಟು ತಿಂಗಳಿಂದ "ಆರ್ಡರ್ ಬಂದಿದೆ, ಏನ್ಮಾಡ್ಲಿ" ಅಂದದ್ದೆಲ್ಲ ಸುಳ್ಳು.

ನಿನ್ನ ಪಕ್ಕದ ಕುರ್ಚಿಯ ದರ್ಜಿಯಣ್ಣ ತೀರಿಕೊಂಡಾಗ, ಪಾಪ, ಮೊಮ್ಮಕ್ಕಳಿಂದ ಅಂಟಿತು ಎಂದು ಎಲ್ಲರೂ ಅಂದರು. ಅದಕ್ಕೆ ಮೂರು ವಾರ ಮೊದಲು ಒಂದು ದಿನ ನನಗೆ ಗಂಟಲು ಕೆರೆಯುತ್ತಿತ್ತು. ಆಸ್ಪತ್ರೆಯ ಗೇಟಿನಲ್ಲಿ ಜ್ವರ ನೋಡಿ, ಕೆಮ್ಮು, ಗಂಟಲು ನೋವು ಏನಾದರೂ ಇದೆಯೇ ಎಂದು ಕೇಳಿದರು. ಇಲ್ಲ ಎಂದು ಸಹಿ ಹಾಕಿದೆ. ಇದೆ ಎಂದಿದ್ದರೆ ಎರಡು ವಾರ ಮನೆಗೆ ಕಳಿಸುತ್ತಿದ್ದರು. ನಿನಗೆ ಚುಚ್ಚಿ ಯಂತ್ರಕ್ಕೆ ಜೋಡಿಸಿದ ಮೇಲೆ ದರ್ಜಿಯಣ್ಣನ ಹತ್ತಿರ ಹೋದೆ. ಕನ್ನಡಕಕ್ಕೆ ಹಬೆ ಹಿಡಿದು ನಾಳವೇ ಕಾಣಲಿಲ್ಲ. ಮಾಸ್ಕನ್ನು ಗಲ್ಲಕ್ಕೆ ಇಳಿಸಿದೆ. ಎರಡೇ ನಿಮಿಷ. ನನ್ನ ಅಂಗಿಯ ತೋಳು ಹೊಲಿದವನನ್ನು ಜೈಲಿಗೆ ಹಾಕಬೇಕು ಎಂದು ಅವರು ತಮಾಷೆ ಮಾಡಿದರು. ನಾನು ಅವರ ಮುಖದ ಮೇಲೇ ಜೋರಾಗಿ ನಕ್ಕೆ. ಮೂರನೇ ದಿನ ನನಗೆ ಜ್ವರ ಬಂತು, ಐದನೇ ದಿನ ಅವರಿಗೆ. ನೀನು ಹೇಗೆ ಪಾರಾದೆಯೋ ಗೊತ್ತಿಲ್ಲ. ಯಾವ ರೋಗಿಯಿಂದ ಅಂಟಿಸಿಕೊಂಡಳೋ ಎಂದು ಎಲ್ಲರೂ ನನ್ನ ಮೇಲೆಯೇ ಕನಿಕರ ಪಟ್ಟರು. ನನ್ನಿಂದಲೇ ಅವರಿಗೆ ಬಂತೆಂದು ಯಾವ ಪರೀಕ್ಷೆಯೂ ಹೇಳಲಿಲ್ಲ. ಹೇಳಬೇಕಾಗಿಯೂ ಇಲ್ಲ.

ಗುಣವಾಗಿ ಕೆಲಸಕ್ಕೆ ಬಂದ ದಿನವೇ ಇದನ್ನೆಲ್ಲ ಡಾಕ್ಟರಮ್ಮನಿಗೆ ಬರೆದುಕೊಟ್ಟೆ. ಕೆಲಸದಿಂದ ತೆಗೆಯಿರಿ ಎಂದೆ. ಇರುವುದೇ ನಾಲ್ಕು ಜನ, ನಿನ್ನನ್ನೂ ಕಳಿಸಿದರೆ ಉಳಿದವರನ್ನು ಯಾರು ನೋಡಿಕೊಳ್ಳಬೇಕು ಎಂದು ಬೈದರು. ಹಾಗಾದರೆ ಸಂಜೆ ಪಾಳಿ ಕೊಡಿ ಎಂದೆ.

ಇಲ್ಲಿ ಹಾಸ್ಟೆಲ್ ಕೋಣೆಯಲ್ಲಿ ನಾಲ್ಕು ಮಂಚಗಳಿವೆ, ಹಾಸಿಗೆ ಒಂದಕ್ಕೆ ಮಾತ್ರ. ಕಿಟಕಿ ತೆಗೆದರೆ ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟಡದ ಗೋಡೆ. ರೋಗಿಗಳು ನನ್ನ ಮುಖವನ್ನೇ ನೋಡಿಲ್ಲ, ಕನ್ನಡಕದಕ್ಕ ಎಂದು ಕರೆಯುತ್ತಾರೆ. ಊಟಕ್ಕೆ ಕೂತು ಎರಡನೇ ಸಲ ಬಡಿಸಿಕೊಳ್ಳುವಾಗ ಬಾಯಿ ತಾನಾಗಿ "ಸಾಕಮ್ಮ, ಸಾಕು" ಅನ್ನುತ್ತದೆ. ಬಡಿಸುವವಳೂ ನಾನೇ. ಅಳು ಬರುತ್ತದೆ ಅಮ್ಮಾ. ನಿನ್ನ ಜೊತೆ ಜಗಳವಾಡಲಿಕ್ಕಾದರೂ ಮನೆಗೆ ಓಡಿಬರೋಣ ಅನಿಸುತ್ತದೆ.

ಆದರೂ ಬೆಳಗಿನ ಪಾಳಿಗೆ ಬರಲಾರೆ. ಆ ಕುರ್ಚಿಗಳಲ್ಲಿ ಕೂತವರ ಎದುರು ಉಸಿರಾಡಲು ನನಗೆ ಭಯ. ಶನಿವಾರ ಏಳಕ್ಕೆ ಗಾಡಿ ಬರುತ್ತದೆ, ಹತ್ತಿ ಕೂರು. ಅಲ್ಲಿಯವರೆಗೆ ನೀರನ್ನು ಗುಟುಕು ಗುಟುಕಾಗಿ ಕುಡಿ, ಕಿತ್ತಳೆ ಹಣ್ಣು ಮುಟ್ಟಬೇಡ. ಮಲಗಿದಾಗ ಉಸಿರು ಕಟ್ಟಿದಂತಾದರೆ ಶನಿವಾರಕ್ಕೆ ಕಾಯದೆ ಕೂಡಲೇ ಫೋನ್ ಮಾಡು.

ಇಂತಿ,
ನಿನ್ನ ಮಗಳು

ತಾ.ಕ.: ಶನಿವಾರ ಡಾಕ್ಟರಮ್ಮ ಆ ಅರ್ಜಿಯ ವಿಷಯವಾಗಿ ನಿನ್ನನ್ನು ಕರೆದು ಮಾತಾಡುತ್ತಾರೆ. ಅವತ್ತು ನನ್ನ ಗಂಟಲು ಸರಿಯಿಲ್ಲದ್ದು ನಿನಗೆ ಗೊತ್ತಿತ್ತೇ ಎಂದು ಕೇಳಬಹುದು. ಗೊತ್ತಿರಲಿಲ್ಲ ಅನ್ನು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ ಎಂದೇ ನಾನು ಬರೆದುಕೊಟ್ಟಿದ್ದೇನೆ. ಅವತ್ತು ಬೆಳಿಗ್ಗೆ ನೀನು ಉಪ್ಪುನೀರು ಕಾಯಿಸಿಕೊಟ್ಟಿದ್ದು, "ಗೇಟಲ್ಲಿ ಬಾಯಿ ಬಿಡಬೇಡ, ನೀನಿಲ್ದಿದ್ರೆ ನನಗ್ಯಾರು ಚುಚ್ತಾರೆ" ಎಂದು ನನ್ನ ಕೈ ಹಿಡಿದುಕೊಂಡಿದ್ದು, ನಮ್ಮಿಬ್ಬರಿಗೆ ಮಾತ್ರ ಗೊತ್ತು.