ಫಕೀರವ್ವ ಸಿಸ್ಟರ್ ಇಲ್ಲದ ತುರ್ತುಮನೆ

ಕ್ರಿ.ಶ. ೨೧೮೭, ಉರಿ ತಿಂಗಳ ಒಂಬತ್ತು

ನಿಮ್ಮ ಕಾಲದ ಕ್ಯಾಜುವಲ್ಟಿ ವಾರ್ಡಿನ ಸಿಸ್ಟರುಗಳಿಗೆ, ಅವರ ಮೇಲಿನವರಿಗೆ,

ಈ ತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ. ಬೇಸಿಗೆ ಹನ್ನೆರಡು ತಿಂಗಳೊಳಗೆ ಹಿಡಿಸದಾದಾಗ ಹದಿಮೂರನೆಯದೊಂದನ್ನು ಸೇರಿಸಿ ಅದಕ್ಕೆ ಉರಿ ಎಂದು ಹೆಸರಿಟ್ಟರು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಹೆಚ್ಚು ಓದಿದವಳಲ್ಲ, ದಿನಚರಿ ಬರೆಯುವ ರೂಢಿಯಷ್ಟೇ ಇದೆ.

ಹುಬ್ಬಳ್ಳಿಯ ಕೆಳಕೇರಿ ಆಸ್ಪತ್ರೆಯ ತುರ್ತುಮನೆಯಲ್ಲಿ, ಅಂದರೆ ನಿಮ್ಮ ಕ್ಯಾಜುವಲ್ಟಿಯಲ್ಲಿ, ನಾನು ನರ್ಸ್. ಉರಿಯಲ್ಲಿ ಬಿಸಿಲು ಬಡಿದವರನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತರುತ್ತಾರೆ. ಮಂಚ ಸಾಲದೆ ನೆಲಕ್ಕೆ ನೀರು ಹೊಯ್ದು ಮಲಗಿಸುತ್ತೇವೆ. ನಮ್ಮ ಇನ್‌ಚಾರ್ಜ್ ಫಕೀರವ್ವ ಸಿಸ್ಟರ್ ಯಾರನ್ನೂ ಹೊಗಳಿದವರಲ್ಲ. "ಅವು ಕೈಯೋ, ಹಿಟ್ಟಿನ ಮುದ್ದಿಯೋ?" ಎಂದು ಪೇಷಂಟಿನ ಎದುರಿಗೇ ಬೈಯುತ್ತಿದ್ದರು. ಆದರೆ ಬಡಿತ ನಿಂತ ಎದೆಯನ್ನು ಒತ್ತಿ ಒತ್ತಿ ನಮ್ಮ ತೋಳು ಸೋತದ್ದು ನಮಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. "ಸರಿ ಆ ಕಡೆ, ನಾ ಅದೀನಿ" ಎನ್ನುವಷ್ಟರಲ್ಲಿ ಅವರ ಕೈ ನಮ್ಮ ಕೈಯ ಜಾಗದಲ್ಲಿರುತ್ತಿತ್ತು. ನಾವು ತಿರುಗಿ ನೋಡದೆ ಸರಿಯುತ್ತಿದ್ದೆವು.

ಹೋದ ವರ್ಷ ಅವರು ತೀರಿಕೊಂಡರು. ಚಹಾ ಹೊತ್ತಿನಲ್ಲಿ ನಾನು ಈಗಲೂ ಅವರದೆಂದು ಒಂದು ಕಪ್ ಹೆಚ್ಚಿಗೆ ತೊಳೆದಿಡುತ್ತೇನೆ. ಆಡಳಿತದವರು ಆ ಹುದ್ದೆ ತುಂಬಲಿಲ್ಲ. ಸಿಬ್ಬಂದಿಯ ಉತ್ಸಾಹ ಕುಗ್ಗಿದೆಯೆಂದು ಸಭೆ ನಡೆಸಿ ಎಲ್ಲರ ಹೆಗಲಿಗೂ ಒಂದೊಂದು ಹುರುಪುಗ ಹಚ್ಚಿದರು. ಅದು ಗುಂಡಿಯಷ್ಟು ಯಂತ್ರ. ಮೈಯ ದಣಿವನ್ನು ಅಳೆದು ಕಿವಿಯ ಬಳಿ ಮಾತಾಡುತ್ತದೆ. ನಮ್ಮ ವಾರ್ಡಿನ ಗೋಡೆಗಳು ಆಡಿದ ಮಾತನ್ನೆಲ್ಲ ರೆಕಾರ್ಡ್ ಮಾಡುತ್ತವೆ; ಅವು ಹಿಡಿದಿಟ್ಟಿದ್ದ ಫಕೀರವ್ವ ಸಿಸ್ಟರ್ ದನಿಯನ್ನೇ ಅದಕ್ಕೆ ತುಂಬಿದರು. ಅದು ಮೊದಲ ಸಲ "ಶಾಬಾಸ್ ನನ್ನ ಮಗಳ" ಎಂದಾಗ ದಾಕ್ಷಾಯಣಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸತ್ತ ಮ್ಯಾಲೆ ಸಿಸ್ಟರ್ ಭಾಳ ಸುಧಾರಿಸ್ಯಾರ ನೋಡ್ರಿ!" ಅವಳು ಸಿಸ್ಟರ್ ಕೈಕೆಳಗೇ ಕಲಿತವಳು, ನಮ್ಮೆಲ್ಲರಿಗಿಂತ ಚುರುಕು.

ಕಳೆದ ವಾರ ಬಿಸಿಲು ಬಡಿದ ಹೆಂಗಸೊಬ್ಬಳ ಎದೆಬಡಿತ ನಿಂತಿತು. ಉಳಿದ ನಾವೆಲ್ಲ ಬೇರೆ ಮಂಚಗಳ ಬಳಿ ಇದ್ದೆವು. ದಾಕ್ಷಾಯಣಿ ಒಬ್ಬಳೇ ಒತ್ತುತ್ತಿದ್ದಳು. ಅವಳ ದಣಿವನ್ನು ಅಳೆದ ಹುರುಪುಗ, ವಿಶ್ರಾಂತಿ ನೆನಪಿಸಲೆಂದು, "ಸರಿ ಆ ಕಡೆ, ನಾ ಅದೀನಿ" ಎಂದಿತು. ಅವಳು ಸರಿದಳು. ಹಿಂದಕ್ಕೆ ನೋಡದೆ ಮುಖದ ಬೆವರು ಒರೆಸಿಕೊಂಡಳು. ಬಾಗಿಲಲ್ಲಿದ್ದ ಆ ಹೆಂಗಸಿನ ಗಂಡ "ಯಾಕ ಬಿಟ್ರಿ ಅಕ್ಕಾರ?" ಎಂದು ಕೂಗಿದಾಗಲೇ ಮಂಚದ ಬಳಿ ಯಾರೂ ಇಲ್ಲವೆಂದು ಅವಳಿಗೆ ತಿಳಿದದ್ದು. ಓಡಿಬಂದು ಮತ್ತೆ ಒತ್ತಿದೆವು. ಆ ಹೆಂಗಸು ಉಳಿಯಲಿಲ್ಲ. ಕೈ ಬಿಡದಿದ್ದರೆ ಉಳಿಯುತ್ತಿದ್ದಳೇ, ನಾನು ಹೇಳಲಾರೆ.

ವಿಚಾರಣೆಯಲ್ಲಿ ಇದಿಷ್ಟನ್ನೂ ಹೇಳಿದೆ. "ಯಂತ್ರ ದಣಿವಾರಿಸ್ಕೋ ಅಂದದ, ಪೇಷಂಟ್ ಬಿಡು ಅಂದಿಲ್ಲಲ್ಲ ಬಾಯಾರ" ಎಂದರು ಆಡಳಿತದ ಸಾಹೇಬರು. ಇಂದು ತೀರ್ಪು ಬಂತು: ಕರ್ತವ್ಯದಲ್ಲಿ ಉತ್ಸಾಹದ ಕೊರತೆ. ದಾಕ್ಷಾಯಣಿ ಇನ್ನು ಯಾವ ಆಸ್ಪತ್ರೆಯಲ್ಲೂ ನರ್ಸ್ ಆಗುವಂತಿಲ್ಲ. ಉಳಿದ ನಮ್ಮ ಹುರುಪು ಹೆಚ್ಚಲೆಂದು ದನಿಯನ್ನು ಇನ್ನಷ್ಟು ಜೋರು ಮಾಡಿದ್ದಾರೆ. ಅವಳು ಸಮವಸ್ತ್ರ ಮಡಿಚಿ ಮೇಜಿನ ಮೇಲಿಟ್ಟು ಹೊರಟಾಗ ನನ್ನ ಹೆಗಲಿನಿಂದ "ಶಾಬಾಸ್" ಎಂಬ ಮಾತು ವಾರ್ಡಿಗೆಲ್ಲ ಕೇಳಿಸಿತು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ನಿಮ್ಮಲ್ಲಿ ಇನ್ನೂ ಇಂಥ ಇನ್‌ಚಾರ್ಜ್ ಇದ್ದರೆ, ಅವರಿಗೆ ಶಾಲು ಹೊದಿಸಿ ಹಾರ ಹಾಕಿ ಕಳಿಸಿದ ಮರುದಿನವೇ ಆ ಜಾಗಕ್ಕೆ ಮನುಷ್ಯರನ್ನೇ ತನ್ನಿ. ಬಾಯಿ ಕೆಟ್ಟದ್ದಾದರೂ ನಡೆದೀತು. ಎರಡು ಕೈ ಇರಲಿ.

ನಿಮ್ಮ ಕಾಲಕ್ಕೆ ಇನ್ನೂ ಹುಟ್ಟದ,
ಕಾಶವ್ವ