ಸುಣ್ಣದ ಚೌಕ

11 ಏಪ್ರಿಲ್ 2004, ಭಾನುವಾರ

ಎಂದಿನಂತೆ ಮೆಹದಿಪಟ್ಟಣಂನಿಂದ ಆರೂವರೆ ಬಸ್ಸು, ಗಚ್ಚಿಬೌಲಿ. ಬೈನಾಕ್ಯುಲರ್, ನೀರಿನ ಬಾಟಲಿ, ರಾತ್ರಿಯ ಚಪಾತಿ ಎರಡು. ಸಾಫ್ಟ್‌ವೇರ್ ಕಂಪನಿಗಾಗಿ ಬಂಡೆಗಳನ್ನೆಲ್ಲ ಒಡೆದು ಮಟ್ಟ ಮಾಡಿದ್ದಾರೆ. ಒಂದೇ ಒಂದು ದೊಡ್ಡ ಬಂಡೆ ಉಳಿದಿದೆ. ಸೂಪರ್‌ವೈಸರ್ ಅಂಬಾದಾಸ ಒಳಗೆ ಬಿಡುತ್ತಾನೆ. ಲೆಕ್ಚರರ್ ಮೇಡಂ ಅಂತ ಮರ್ಯಾದೆ.

ಟಿಟ್ಟಿಭ ಹಕ್ಕಿಗಳ ಜೋಡಿ ನೆತ್ತಿಯ ಮೇಲೆ ಒಂದೇ ಸಮ ಅರಚುತ್ತಿತ್ತು. ಮೊಟ್ಟೆ ಇಲ್ಲೇ ಎಲ್ಲೋ ಇದೆ. ಒಂದು ಗಂಟೆ ಹುಡುಕಿದೆ. ಕೊನೆಗೆ ಯಂಕಮ್ಮ — ರಾಯಚೂರು ಕಡೆಯವಳು, ಸೈಟಿನಲ್ಲಿ ಕೂಲಿ — ದೂರದಿಂದ ಕೂಗಿದಳು.

"ಮೇಡಂರೀ, ಕಾಲು ಎತ್ತಬ್ಯಾಡ್ರಿ! ನಿಮ್ಮ ಚಪ್ಪಲಿ ಮುಂದ ಅದಾವ."

ನಾಲ್ಕು! ಗೂಡಿಲ್ಲ, ಬರೀ ಜಲ್ಲಿ. ಮೊಟ್ಟೆಗಳೂ ಜಲ್ಲಿಯ ಬಣ್ಣವೇ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ... ಹತ್ತೊಂಬತ್ತು ವರ್ಷದಿಂದ ಜೂವಾಲಜಿ ಪಾಠ ಮಾಡುತ್ತಿದ್ದೇನಂತೆ.

18 ಏಪ್ರಿಲ್, ಭಾನುವಾರ

ಉರಿ ಬಿಸಿಲು. ಹನ್ನೆರಡಕ್ಕೆ ಹೊರಡಬೇಕೆಂದಿದ್ದೆ. ಯಂಕಮ್ಮ ಬಿಡಲಿಲ್ಲ. "ಕುಂದರ್ರಿ, ಈಗ ಬರತೈತಿ ನೋಡ್ರಿ."

ಟ್ಯಾಂಕರ್ ಸೋರಿ ನೀರು ನಿಂತಿತ್ತು. ಹಕ್ಕಿ ಅದರಲ್ಲಿ ಹೊಟ್ಟೆ ಅದ್ದಿಕೊಂಡಿತು. ಓಡೋಡಿ ಬಂದು ಮೊಟ್ಟೆಗಳ ಮೇಲೆ ಕುಳಿತಿತು. ಒದ್ದೆ ಗರಿಯಿಂದ ಮೊಟ್ಟೆ ತಂಪು ಮಾಡುತ್ತದೆ! ಮತ್ತೆ ಎದ್ದಿತು, ಮತ್ತೆ ಅದ್ದಿತು. ಏಳು ಸಲ ನೋಡಿದೆ. ಕಣ್ಣಲ್ಲಿ ನೀರು ಬಂತು. ಈ ವಯಸ್ಸಿನಲ್ಲಿ!

"ಕಾಲೇಜಿನ್ಯಾಗ ಇದನ್ನ ಕಲಸ್ತೀರೇನ್ರಿ?"

"ಕಲಸ್ತೀವಿ" ಎಂದುಬಿಟ್ಟೆ. ಸುಳ್ಳು. ನನಗೇ ಇವತ್ತು ಗೊತ್ತಾದದ್ದು.

25 ಏಪ್ರಿಲ್, ಭಾನುವಾರ

ಮೊಟ್ಟೆಗಳಿಂದ ಎರಡು ಮಾರು ಆಚೆ ಟ್ರ್ಯಾಕ್ಟರ್ ಗಾಲಿಯ ಗುರುತು. ಆ ಮೂಲೆಯಲ್ಲಿ ಕಟ್ಟಡ ಬರುವುದಿಲ್ಲ, ಅಂಬಾದಾಸನೇ ಹೇಳಿದ್ದಾನೆ. ಟ್ರ್ಯಾಕ್ಟರ್ ಒಂದು ತಪ್ಪಿದರೆ ಸಾಕು.

ಯಂಕಮ್ಮನ ಬುಟ್ಟಿಯಲ್ಲಿ ಸುಣ್ಣದ ಪುಡಿ ಇತ್ತು. ಮೊಟ್ಟೆಗಳ ಸುತ್ತ ಚೌಕ ಹಾಕಿದೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ. ಕಾಲೇಜಿನಲ್ಲಿ ಗಿಡ ಎಣಿಸಲು ಹುಡುಗಿಯರ ಕೈಲಿ ಹಾಕಿಸುವಂಥದ್ದೇ. ನೀಟಾಗಿ ಬಂತು.

"ಸುಣ್ಣ ಬ್ಯಾಡ್ರಿ ಮೇಡಂ. ಕಲ್ಲು ಇಡೂಣು. ಸುಣ್ಣ ಅಂದ್ರ ನಮ್ಮವ್ರು —"

"ಬಿಳೇದು ದೂರದಿಂದ ಕಾಣಸ್ತದ. ನನಗ ಗೊತ್ತದ, ನೀ ಸುಮ್ಮನಿರು."

ಬುಟ್ಟಿ ಎತ್ತಿಕೊಂಡು ಹೋದಳು. ಮನೆಗೆ ಬಂದು ಒಳ್ಳೆ ನಿದ್ದೆ ಮಾಡಿದೆ.

2 ಮೇ, ಭಾನುವಾರ

ಬರೆಯಲು ಕೈ ಬರುತ್ತಿಲ್ಲ.

ಚೌಕವಿದ್ದಲ್ಲಿ ಗುಂಡಿ. ಸೊಂಟದ ಮಟ್ಟ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ. ಸೈಟಿನಲ್ಲಿ ಸುಣ್ಣದ ಚೌಕವೆಂದರೆ ಕಂಬಕ್ಕೆ ಅಗೆಯಬೇಕಾದ ಜಾಗ. ಅಗೆಯುವ ಅಮರಯ್ಯ ಸುಣ್ಣ ಕಂಡ, ಅಗೆದ. ಯಂಕಮ್ಮ ಹೇಳಲು ಬಂದದ್ದು ಇದನ್ನೇ. ನಾನು ಬಾಯಿ ಮುಚ್ಚಿಸಿದೆ.

ಹಕ್ಕಿಗಳು ಅರಚುತ್ತಿದ್ದವು. ಯಂಕಮ್ಮ ಬಿರಬಿರನೆ ನನ್ನ ಕಡೆಗೇ ಬಂದಳು, ಏನೋ ಹೇಳುವವಳ ಹಾಗೆ. ಎಲ್ಲರೆದುರು ನನ್ನ ಹೆಸರು ಹೇಳುತ್ತಾಳೆಂದು ಎರಡು ಹೆಜ್ಜೆ ಹಿಂದೆ ಸರಿದೆ. ಅಷ್ಟರಲ್ಲಿ ಅಂಬಾದಾಸ. "ಇಲ್ಲಿ ಸುಣ್ಣ ಯಾರು ಹಾಕ್ಯಾರ? ಬುಟ್ಟಿ ನಿನ್ನ ಕೈಯಾಗ ಇತ್ತಲ್ಲ ಯಂಕಮ್ಮ?" ಅವಳು ನನ್ನ ಹೆಸರು ಹೇಳಲಿಲ್ಲ. ಆತ ನನ್ನ ಕಡೆ ತಿರುಗಿದ. "ಮೇಡಂ, ನೀವೇನರೆ ನೋಡೀರೇನ್ರಿ?"

"ಇಲ್ಲ" ಎಂದೆ.

ಯಂಕಮ್ಮ ನನ್ನನ್ನು ನೋಡಿದಳು. ಬೈನಾಕ್ಯುಲರ್ ಒರೆಸುತ್ತ ನಿಂತೆ. ನಾಳೆಯಿಂದ ಬರಬೇಡ ಎಂದ ಅಂಬಾದಾಸ ಅವಳಿಗೆ. ಬುಟ್ಟಿ ಕೆಳಗಿಟ್ಟು ಹೋದಳು.

ಥೂ ನನ್ನ ಜನ್ಮಕ್ಕೆ.

9 ಮೇ, ಭಾನುವಾರ

ಹೋಗಲಿಲ್ಲ. ಇವರು ಕೇಳಿದರು, "ಯಾಕ ಗೋದಾ, ಹಕ್ಕಿ ಸಾಕಾದ್ವೇನ?" ಬಿಸಿಲು ಭಾಳ ಅಂದೆ. ಬೈನಾಕ್ಯುಲರ್ ಕಪಾಟಿಗೆ ಹಾಕಿ ಕೀಲಿ ತಿರುಗಿಸಿದೆ.

16 ಮೇ, ಭಾನುವಾರ

ತಡೆಯಲಾಗಲಿಲ್ಲ, ಹೋದೆ. ಸೀದಾ ಸೈಟ್ ಆಫೀಸಿಗೆ. ಅಂಬಾದಾಸನಿಗೆ ಹೇಳಿಬಿಟ್ಟೆ — ಸುಣ್ಣ ಹಾಕಿದವಳು ನಾನು, ಇಲ್ಲ ಅಂದದ್ದೂ ನಾನೇ. ಬಯ್ಯಲಿ ಎಂದು ಕಾದೆ.

ನಕ್ಕ. "ಅಯ್ಯ, ಅಷ್ಟ ಹೌದಲ್ರಿ ಮೇಡಂ! ಗುಂಡಿ ಮುಚ್ಚಿಸಿದ್ರ ಆತು, ಬಿಡ್ರಿ." ಕುರ್ಚಿ ಕೊಟ್ಟ. ಚಹಾ ತರಿಸಿದ. ಅದೇ ತಪ್ಪಿಗೆ ಅವಳ ಕೆಲಸ ಹೋಯಿತು, ನನಗೆ ಚಹಾ ಬಂತು. ಬೇಡ ಎನ್ನುವ ಧೈರ್ಯವೂ ಇಲ್ಲದೆ ಕುಡಿದೆ. ಯಂಕಮ್ಮನನ್ನು ವಾಪಸ್ ಕರೀರಿ ಎಂದೆ. "ಎಲ್ಲಿ ಅದಾಳೋ, ನೋಡೂಣ್ರಿ" ಎಂದ.

ಗೇಟಿನಲ್ಲಿ ಅಮರಯ್ಯ ಸಿಕ್ಕ. "ಎರಡು ವಾರ ಅಡ್ಡಾದಾಗ ನಿಂತ್ಲುರಿ, ಯಾರೂ ಕೂಲಿಗೆ ಕರೀಲಿಲ್ಲ. ನಾಳೆ ಮುಂಜಾನಿ ಕಾಚಿಗೂಡ ಸ್ಟೇಶನ್ನಿನಿಂದ ಊರಿಗೆ ಹೊಂಟಾಳ."

ಬಂಡೆಯ ಕಡೆ ತಲೆ ಎತ್ತಿಯೂ ನೋಡದೆ ಬಂದೆ.

17 ಮೇ, ಸೋಮವಾರ, ಬೆಳಗ್ಗೆ 9.40, ಮೆಹದಿಪಟ್ಟಣಂ ಬಸ್ ಸ್ಟಾಪ್

ಕಾಚಿಗೂಡದಿಂದ ಬಂದೆ. ಇಲ್ಲೇ ನಿಂತು ಬರೆಯುತ್ತಿದ್ದೇನೆ.

ಸಿಕ್ಕಳು. ಜನರಲ್ ಬೋಗಿ, ಕಿಟಕಿ ಪಕ್ಕ, ತೊಡೆಯ ಮೇಲೆ ಗಂಟು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಅವತ್ತ ನಾ ಸುಳ್ಳ ಹೇಳಿದೆ ಯಂಕಮ್ಮ. ನನ್ನ ತಪ್ಪಿಗೆ ನಿನ್ನ ಕೆಲಸ ಹೋತು. ವಾಪಸ್ ಬಾ, ಅಂಬಾದಾಸಗ ಎಲ್ಲಾ ಹೇಳೀನಿ."

"ಈಗ ಹೇಳಿದ್ರ ಏನ್ ಬಂತ್ರಿ? ಟಿಕೀಟ ತಗೊಂಡೀನಿ." ಸಿಟ್ಟಿತ್ತು. ಇರಬೇಕಾದದ್ದೇ. ಸ್ವಲ್ಪ ಹೊತ್ತು ಆಚೆ ನೋಡಿದಳು. ಆಮೇಲೆ ತಾನೇ ತಿರುಗಿದಳು.

"ಮರಿ ಆದ್ವೇನ್ರಿ?"

ಅರ್ಥವಾಗಲಿಲ್ಲ.

"ಅಮರಯ್ಯ ಸಲಿಕಿ ಎತ್ತಿದ್ದ. ಓಡಿ ಹೋಗಿ ನಾಕೂ ತತ್ತಿ ತಗದೆ. ಆ ದೊಡ್ಡ ಬಂಡೆ ಬಲಕ್ಕ ಇಟ್ಟು ಸುತ್ತ ಕಲ್ಲು ಜೋಡಿಸೀನಿ. ತಾಯಿ ಬಂದು ಕುಂತಿತ್ತು, ಕಣ್ಣಾರೆ ನೋಡೀನಿ. ಅದನ್ನ ಹೇಳಾಕ ಅವತ್ತ ನಿಮ್ಮ ಕಡೆ ಬರಾಕತ್ತಿದ್ದೆ. ನೀವು ಹಂಗ ಅಂದ್ರಿ..."

ದೂರು ಹೇಳಲು ಬಂದಳೆಂದು ತಿಳಿದಿದ್ದೆ.

"ನೋಡಿರಬೇಕಲ್ರಿ ನೀವು? ಆದ್ವೇನ್ರಿ ಮರಿ?"

"ನಾ ನೋಡಿಲ್ಲ."

ಸುಣ್ಣಕ್ಕೂ ಸುಳ್ಳಿಗೂ ಇಷ್ಟು ನಾಚಿಕೆಯಾಗಿರಲಿಲ್ಲ. ಎರಡು ಭಾನುವಾರ ನನ್ನ ಮಾನವನ್ನೇ ನೋಡಿಕೊಂಡಿದ್ದೆ, ಮೊಟ್ಟೆಗಳನ್ನಲ್ಲ. ರೈಲು ಹೊರಟಿತು. ಪಕ್ಕದಲ್ಲೇ ನಾಲ್ಕು ಹೆಜ್ಜೆ ಓಡಿದೆ. ಕಿಟಕಿಯಿಂದ ಕೈ ಬೀಸಲಿಲ್ಲ ಅವಳು. ಬೈದ ಹಾಗೆ ಕೂಗಿದಳು — "ಹೋಗಿ ನೋಡ್ರಿ!"

ಬೈನಾಕ್ಯುಲರ್ ಮನೆಯಲ್ಲೇ ಇದೆ. ಇರಲಿ. ಗಚ್ಚಿಬೌಲಿ ಬಸ್ಸು ಬಂತು —