ನಿನ್ನ ಅರವತ್ತನಾಲ್ಕು, ನನ್ನ ಎಪ್ಪತ್ತೊಂಬತ್ತು

ಸ್ತಾಮೆನಾಳ ಮನೆ, ಕೆಳಗಿನ ಬೀದಿ
ಅಕ್ಟೋಬರ್ ೨೦, ಭಾನುವಾರ

ತಿಹೋಮಿರ್,

ಹೆಸರಿನ ಮುಂದೆ 'ಪ್ರೀತಿಯ' ಎಂದು ಬರೆಯಬೇಕೋ ಬೇಡವೋ ಎಂದು ಯೋಚಿಸುತ್ತಾ ಒಂದು ಹಾಳೆ ಹಾಳು ಮಾಡಿದೆ. ಆ ಪದವನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ಕಾಗದ ಮುಗಿಯುವ ಹೊತ್ತಿಗೆ ನೋಡೋಣ.

ಮುನ್ನೂರು ಹೆಜ್ಜೆ ದೂರದಲ್ಲಿರುವ ಗಂಡನಿಗೆ ಕಾಗದ ಬರೆಯುವವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ, ಎದುರಿಗೆ ಬಂದರೆ ನೀನು ನನ್ನ ಮುಖ ನೋಡುವುದಿಲ್ಲ, ಮುಂಗೈ ನೋಡುತ್ತೀಯ. ಅದಕ್ಕೇ ನಮ್ಮ ಪಕ್ಕದ ಮನೆಯ ಜಾಗೋರ್ಕಾಳ ಕೈಯಲ್ಲಿ ಇದನ್ನೂ, ಸುಟ್ಟ ಮೆಣಸಿನಕಾಯಿ ಅರೆದು ಮಾಡಿದ ಒಂದು ಭರಣಿ ಐವಾರ್ ಚಟ್ನಿಯನ್ನೂ ಕಳಿಸುತ್ತಿದ್ದೇನೆ. ಅವಳು ದಾರಿಯಲ್ಲಿ ಇದನ್ನು ಓದದೆ ಇರುವುದಿಲ್ಲ. ಜಾಗೋರ್ಕಾ, ಓದಿಯಾದ ಮೇಲೆ ಸರಿಯಾಗಿ ಅಂಟಿಸು.

ನಾನು ಮನೆ ಬಿಟ್ಟು ಇವತ್ತಿಗೆ ಹನ್ನೊಂದು ದಿನ. ಅಕ್ಕ ಸ್ತಾಮೆನಾ ದಿನಕ್ಕೊಮ್ಮೆ ಕೇಳುತ್ತಾಳೆ, "ಅಲ್ಲಾ ಕಣೇ, ಅವನು ಕುಡಿದ್ನಾ? ಹೊಡೆದ್ನಾ?" ಎಂದು. ಇಲ್ಲ, ಎಣಿಸಿದ ಎನ್ನುತ್ತೇನೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮದು ಬೆಳಗ್ಗೆ ಕಾಫಿಗೂ ಮುಂಚೆ ಹುಟ್ಟಿದ ಜಗಳ, ಅದಕ್ಕೇ ಇಷ್ಟು ಉದ್ದವಾಯಿತು.

ನೆನಪಿದೆಯಾ? ಸೆಪ್ಟೆಂಬರ್ ತಿಂಗಳಲ್ಲಿ ಆಸ್ಪತ್ರೆಯವರು ರಕ್ತದೊತ್ತಡ ನೋಡಿಕೊಳ್ಳಿ ಎಂದದ್ದು ನಿನಗೆ, ನನಗಲ್ಲ. ನೀನು ಯಂತ್ರ ತಂದೆ. ನಲವತ್ತು ವರ್ಷ ಸ್ಟೇಷನ್ ಮಾಸ್ಟರ್ ಆಗಿದ್ದವನಿಗೆ ಒಂದೇ ರೈಲು ನೋಡಿ ಸಮಾಧಾನವಾಗುತ್ತದೆಯೇ? ನನ್ನ ತೋಳಿಗೂ ಪಟ್ಟಿ ಕಟ್ಟಿದೆ. ಯಂತ್ರ ನಾಡಿಯನ್ನೂ ಎಣಿಸಿತು: ನಿಮಿಷಕ್ಕೆ ನಿನ್ನದು ಅರವತ್ತನಾಲ್ಕು, ನನ್ನದು ಎಪ್ಪತ್ತೊಂಬತ್ತು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ.

"ನಾನೂ ಸುಮ್ನೆ ಕೂತಿದ್ದೀನಿ, ನೀನೂ ಸುಮ್ನೆ ಕೂತಿದ್ದೀಯ. ನಿಂದ್ಯಾಕೆ ಹಿಂಗೆ ಓಡ್ತಾ ಇದೆ?" ಎಂದು ಕೇಳಿದೆ ನೀನು. ಒಲೆಯ ಮೇಲೆ ಹಾಲಿದೆ, ಅದೂ ಉಕ್ಕಿ ಓಡುತ್ತದೆ, ಬಿಡು ಎಂದೆ ನಾನು. ನೀನು ನೋಟ್‌ಬುಕ್ಕಿನಲ್ಲಿ 'ಮಾತಿನಲ್ಲಿ ಸಿಡುಕು' ಎಂದು ಬರೆದುಕೊಂಡೆ.

ಅದು ನಮ್ಮ ಅಡಿಗೆಮನೆಯಲ್ಲೇ ಉಳಿದಿದ್ದರೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಲಿಂಡನ್ ಮರದ ಕೆಳಗಿನ ಚದುರಂಗದ ಬೆಂಚಿನಲ್ಲಿ ಡಂಗುರ ಸಾರಿದೆಯಲ್ಲ! "ನನ್ನ ಹೃದಯ ಟೈಮಿಗೆ ಸರಿಯಾಗಿ ಬರೋ ರೈಲು. ಅವಳದು ಟೈಮಿಗೆ ಮುಂಚೇನೇ ಬಂದ್ಬಿಡುತ್ತೆ. ತಡವಾಗಿ ಬರೋ ರೈಲಿಗಿಂತ ಮುಂಚೆ ಬರೋದೇ ಅಪಾಯ ಕಣ್ರಪ್ಪಾ" ಎಂದೆಯಂತೆ. ಮರುದಿನ ಬ್ರೆಡ್ ಅಂಗಡಿಯವನು ನನ್ನನ್ನು ಕಂಡು, "ಎಂಬತ್ತಕ್ಕೆ ಬಂತಂತಲ್ಲಮ್ಮಾ, ಉಪ್ಪು ಕಮ್ಮಿ ಮಾಡು" ಎಂದ. ಇಪ್ಪತ್ತು ವರ್ಷದಿಂದ ಅವನ ಬ್ರೆಡ್ಡಿನಲ್ಲೇ ಉಪ್ಪು ಜಾಸ್ತಿ.

ಬೆಂಚಿನ ಪಂಡಿತರು ಕೊಟ್ಟ ತೀರ್ಪು ಅಡ್ಡಗಾಳಿ. ಅಡಿಗೆಮನೆಯ ಕಿಟಕಿಯಿಂದ ಬಂದು ಬಾಗಿಲಿಂದ ಹೋಗುವ ಗಾಳಿ ನನ್ನ ಬೆನ್ನಿಗೆ ಹೊಡೆದು ಎದೆಯನ್ನು ಓಡಿಸುತ್ತಿದೆ ಎಂದು. ಅಡ್ಡಗಾಳಿಯ ಶಕ್ತಿಯನ್ನು ನಾನು ಅಲ್ಲಗಳೆಯುವವಳಲ್ಲ. ನನ್ನ ಸೋದರಮಾವನ ಬಾಯಿ ಸೊಟ್ಟಗಾದದ್ದು ಅದರಿಂದಲೇ. ಆದರೆ ಅದು ಕತ್ತನ್ನು ಹಿಡಿಯುತ್ತದೆ, ಸೊಂಟವನ್ನು ಹಿಡಿಯುತ್ತದೆ, ಹಲ್ಲನ್ನೂ ಹಿಡಿಯುತ್ತದೆ. ಹೃದಯಕ್ಕೆ ಹೋದದ್ದನ್ನು ಯಾರೂ ಕೇಳಿಲ್ಲ.

ಆಮೇಲೆ ಯಂತ್ರದ ಬ್ಯಾಟರಿ ಸತ್ತುಹೋಯಿತು. ಅಕ್ಟೋಬರ್ ಐದನೇ ತಾರೀಖು, ಶನಿವಾರ. ನೀನು ರೈಲ್ವೆಯವರು ಕೊಟ್ಟ ಜೇಬುಗಡಿಯಾರ ತೆಗೆದು, ಕನ್ನಡಕ ಏರಿಸಿ, ನನ್ನ ಮುಂಗೈ ಹಿಡಿದು ಒಂದು ನಿಮಿಷ ಎಣಿಸಿದೆ. ತೊಂಬತ್ತೊಂದು. ಅದೇ ಹೊತ್ತಿಗೆ ಕಿಟಕಿಯ ಹೊರಗೆ ಸ್ವೆತೋಲಿಕ್ ಅಕಾರ್ಡಿಯನ್ ಹೊತ್ತುಕೊಂಡು ಯಾರದೋ ಮದುವೆಗೆ ಹೊರಟಿದ್ದ. ಟೋಪಿ ಎತ್ತಿ ನಮಸ್ಕಾರ ಹೇಳಿದ, ಪಾಪ. ನಲವತ್ತಮೂರು ವರ್ಷದ ಹಿಂದೆ ಅವನು ನನ್ನನ್ನು ಕೇಳಿಕೊಂಡು ಬಂದಿದ್ದು ಊರಿಗೇ ಗೊತ್ತು, ನಾನು ಒಲ್ಲೆ ಎಂದದ್ದೂ ಗೊತ್ತು. ಈಗ ಅವನಿಗೆ ಅರ್ಧ ಹಲ್ಲಿಲ್ಲ. ನೀನು ಮಾತ್ರ ಗಡಿಯಾರ ಮುಚ್ಚಿ ನೋಟ್‌ಬುಕ್ಕಿನಲ್ಲಿ '೯೧ – ಸ್ವೆತೋಲಿಕ್?' ಎಂದು ಬರೆದೆ. ಅಡ್ಡಗಾಳಿಗೆ ಹೆಸರಿಟ್ಟವನು ಈ ಭೂಮಿಯ ಮೇಲೆ ನೀನೊಬ್ಬನೇ.

ತೊಂಬತ್ತೊಂದಕ್ಕೆ ಕಾರಣ ಹೇಳಿಬಿಡುತ್ತೇನೆ. ಅವತ್ತು ಬೆಳಗ್ಗೆ ಇಪ್ಪತ್ತು ಕಿಲೋ ಕೆಂಪು ಮೆಣಸಿನಕಾಯಿಯ ಮೂಟೆಯನ್ನು ಗೇಟಿನಿಂದ ಹೊತ್ತು ತಂದಿದ್ದೆ. ಯಾರಿಗಾದರೂ ಎದೆ ಬಡಿದುಕೊಳ್ಳುತ್ತದೆ. ಮರುದಿನದ ತೊಂಬತ್ತು, ಅದರ ಮರುದಿನದ ತೊಂಬತ್ತಮೂರು, ಅವೆರಡೂ ಆ ಪ್ರಶ್ನಾರ್ಥಕ ಚಿಹ್ನೆಯ ಮೇಲಿನ ಸಿಟ್ಟಿಗೆ.

ನೀನು ಕಾರಣ ಕೇಳಲಿಲ್ಲ. ನಾನು ಒಲೆಯ ಮೇಲೆ ಮೆಣಸಿನಕಾಯಿ ಸುಡುತ್ತಿದ್ದಾಗಲೇ ಸುತ್ತಿಗೆ ತಂದು ಕಿಟಕಿಗೆ ಏಳು ಮೊಳೆ ಹೊಡೆದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ. ಮನೆ ತುಂಬ ಹೊಗೆ, ಕಣ್ಣಲ್ಲಿ ನೀರು, ನೀನು ಕೆಮ್ಮುತ್ತಾ "ಈಗ ಸರಿಯಾಯ್ತು ನೋಡು" ಎನ್ನುತ್ತಿದ್ದೆ. ಮರುದಿನ, ಹೊಗೆಯಿಂದ ಬಂದ ತಲೆನೋವಿಗೆ ಒದ್ದೆ ಟವಲನ್ನು ತಲೆಗೆ ಸುತ್ತಿಕೊಂಡು, ಉಳಿದ ಮೆಣಸಿನಕಾಯಿಯ ಜೊತೆ ಇಲ್ಲಿಗೆ ಬಂದೆ.

ಗುರುವಾರ ಸ್ತಾಮೆನಾ ನನ್ನನ್ನು ಎಳೆದುಕೊಂಡು ಡಾಕ್ಟರ್ ನೆವೆನಾ ಹತ್ತಿರ ಹೋದಳು. ಎದೆಗೆ ತಂತಿ ಅಂಟಿಸಿ ಗೀಟು ತೆಗೆದು ನೋಡಿ, ಏನೂ ಆಗಿಲ್ಲ ಎಂದಳು ಆ ಹುಡುಗಿ. ನಿನ್ನ ಅರವತ್ತನಾಲ್ಕರ ಕಥೆ ಕೇಳಿ ನಕ್ಕಳು. "ಸಾಮಾನ್ಯವಾಗಿ ಹೆಂಗಸರ ಹೃದಯ ಗಂಡಸರದಕ್ಕಿಂತ ಸ್ವಲ್ಪ ಚಿಕ್ಕದಮ್ಮಾ. ಒಂದ್ಸಲಕ್ಕೆ ಕಮ್ಮಿ ರಕ್ತ ತಳ್ಳುತ್ತೆ, ಅದಕ್ಕೇ ಜಾಸ್ತಿ ಸಲ ಬಡ್ಕೋಬೇಕು. ಅವರು ಬಕೆಟ್ಟಲ್ಲಿ ನೀರು ಹೊರ್ತಾರೆ, ನೀವು ಚೊಂಬಲ್ಲಿ ಹೊರ್ತೀರ. ತೊಟ್ಟಿ ತುಂಬೋದು ಅಷ್ಟೇ. ನಂದೇ ಎಂಬತ್ತೆರಡು" ಎಂದಳು. ಹಾಗಾದರೆ ಅಡ್ಡಗಾಳಿ? ಎಂದೆ. ಅದೆಲ್ಲ ಮೂಢನಂಬಿಕೆ ಎಂದಳು, ಆದರೆ ಹಾಗೆನ್ನುವ ಮುಂಚೆ ಎದ್ದು ಹೋಗಿ ತನ್ನ ಬೆನ್ನಿನ ಹಿಂದಿದ್ದ ಕಿಟಕಿ ಮುಚ್ಚಿ ಬಂದಳು.

ಹೊರಗೆ ಸಾಲಿನಲ್ಲಿ ಕುಳಿತಿದ್ದ ಹೆಂಗಸರೆಲ್ಲ ಇದನ್ನು ಕೇಳಿ ಒಬ್ಬರ ಮುಂಗೈ ಒಬ್ಬರು ಹಿಡಿದರು. ಎಪ್ಪತ್ತೇಳು, ಎಂಬತ್ತು, ಎಂಬತ್ತನಾಲ್ಕು. ಕಾಲು ಉಳುಕಿಸಿಕೊಂಡು ಬಂದಿದ್ದ ಒಬ್ಬ ಗಂಡಸಿನದು ಮಾತ್ರ ಅರವತ್ತೆರಡು. "ಎಲ್ಲಾರ್ಗೂ ಇಷ್ಟಿದೆ, ನಂಗ್ಯಾಕೆ ಇಷ್ಟೇ ಇದೆ? ನಿಂತೋಗ್ತಾ ಇದೆಯಾ?" ಎಂದು ಅವನು ಬೆವರಿದ. ಸ್ತಾಮೆನಾ ಅವನಿಗೆ ನೀರು ಕುಡಿಸಿದಳು. ಹೆಂಗಸರ ಹೃದಯ ಚಿಕ್ಕದು ಎಂಬ ಮಾತನ್ನು ಮಾತ್ರ ನೀನು ಬೆಂಚಿಗೆ ತೆಗೆದುಕೊಂಡು ಹೋಗಬೇಡ. ಹೋದರೆ ನನಗೆ ಗೊತ್ತಾಗುತ್ತದೆ.

ಇನ್ನೊಂದು ವಿಷಯವೂ ಗೊತ್ತಾಗಿದೆ. ನೀನು ಈಗ ಒಬ್ಬನೇ ಕುಳಿತು ನಿನ್ನ ನಾಡಿ ಎಣಿಸುತ್ತೀಯಂತೆ, ಎಂಬತ್ತಮೂರು ಬರುತ್ತಿದೆಯಂತೆ, ಗಡಿಯಾರ ನಿಧಾನವಾಗಿದೆ ಎಂದು ಜಾಗೋರ್ಕಾಗೆ ಹೇಳಿದೆಯಂತೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ರಾಜಧಾನಿಯ ರೈಲೇ ತಪ್ಪು, ಗಡಿಯಾರ ಸರಿ ಎಂದು ನಲವತ್ತು ವರ್ಷ ಕೂಗಾಡಿದವನು ನೀನು.

ನಗುವುದು ಇಲ್ಲಿಗೆ ಸಾಕು. ಮೂವತ್ತೊಂದಕ್ಕೆ ಲೂಕನ ಹಬ್ಬ. ನಿಮ್ಮ ಮನೆತನದ ಸಂತ, ಅವನೂ ವೈದ್ಯನೇ. ನಿನ್ನ ನೋಟ್‌ಬುಕ್ ನೋಡಿದರೆ ಏನೆನ್ನುತ್ತಾನೋ. ಪದ್ಧತಿಯಂತೆ ಆ ಹಬ್ಬಕ್ಕೆ ಯಾರನ್ನೂ ಕರೆಯುವಂತಿಲ್ಲ, ಬಂದವರನ್ನು ಕಳಿಸುವಂತಿಲ್ಲ. ನಲವತ್ತು ಜನ ಬರುತ್ತಾರೆ. ಮೇಣದಬತ್ತಿ ನೀನು ಹಚ್ಚಬಲ್ಲೆ, ಪಾದ್ರಿಯ ಜೊತೆ ಹಬ್ಬದ ರೊಟ್ಟಿ ಹಿಡಿದು ತಿರುಗಿಸಬಲ್ಲೆ. ಆದರೆ ಆ ರೊಟ್ಟಿ ನಾದುವವಳು ನಾನು. ಬಂದವರೆಲ್ಲ "ರಾದುಂಕಾ ಎಲ್ಲಿ?" ಎಂದು ಕೇಳಿದಾಗ ನೀನು ಏನು ಹೇಳುತ್ತೀಯ? ಅವತ್ತು ನಾನು ಆ ಮನೆಯಲ್ಲಿ ಇಲ್ಲದಿದ್ದರೆ, ಬೇರೆಯಾದರು ಎಂದು ಊರು ತೀರ್ಮಾನ ಮಾಡುತ್ತದೆ. ಊರು ತೀರ್ಮಾನ ಮಾಡಿದ ಮೇಲೆ ನಿನಗೂ ಹಠ, ನನಗೂ ಹಠ, ಹಿಂದಿರುಗುವ ದಾರಿ ಇಬ್ಬರಿಗೂ ಸಿಗುವುದಿಲ್ಲ. ಅದು ನನಗೆ ನಿಜವಾಗಿ ಭಯ, ತಿಹೋಮಿರ್.

ಆದ್ದರಿಂದ ಮೊಳೆ ಕೀಳು. ಏಳನ್ನೂ ಅಂಗೈಯಲ್ಲಿ ಹಿಡಿದುಕೊಂಡು ಇಲ್ಲಿಗೆ ಬಾ. ಈ ಸಲ ಎಣಿಸುವವಳು ನಾನು.

ಪ್ರೀತಿಯ (ಆ ಪದ ಉಳಿದಿತ್ತು, ಇಲ್ಲಿ ಬಳಸಿಕೊಂಡೆ)
ರಾದುಂಕಾ

ಮರೆತಿದ್ದು: ಇದನ್ನು ಜಾಗೋರ್ಕಾ ಓದಬಾರದೆಂದು ಬೇರೆ ಚೀಟಿಯಲ್ಲಿ ಬರೆದು ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ಒಳಗೆ ಇಟ್ಟಿದ್ದೇನೆ. ಅವತ್ತು ಮೆಣಸಿನಕಾಯಿ ಮೂಟೆ ಹೊತ್ತವಳು ನಾನಲ್ಲ, ಮಾರಲು ಬಂದವನು. ಸಿಟ್ಟಿಗೆ ಏರಿತು ಎಂದದ್ದೂ ಸುಳ್ಳು. ನಿನ್ನ ನೋಟ್‌ಬುಕ್ ತೆಗೆದು ನೋಡು: ಯಂತ್ರ ಎಣಿಸಿದ ದಿನಗಳಲ್ಲೆಲ್ಲ ಎಪ್ಪತ್ತೊಂಬತ್ತೇ; ತೊಂಬತ್ತು ಮುಟ್ಟಿದ್ದು ನೀನು ನನ್ನ ಕೈ ಹಿಡಿದ ಮೂರು ದಿನ. ಎಷ್ಟೋ ವರ್ಷದಿಂದ ನೀನು ನನ್ನ ಕೈ ಹಿಡಿದಿರಲಿಲ್ಲ. ಬರುವಾಗ ಯಂತ್ರಕ್ಕೆ ಹೊಸ ಬ್ಯಾಟರಿ ತರಬೇಡ.